ಡೋಲಕ್ಕು ಪಿಯಾನೊ ಆದಾಗ

ಸಿರುಗುಪ್ಪದ ಮದುವೆಯಲ್ಲಿ ನುಡಿಸಲು ಹೊರಡುವ ಹೊತ್ತಿಗೆ ನನ್ನ ಕೀಬೋರ್ಡು ಕೈಕೊಟ್ಟಿತು. ಬಳ್ಳಾರಿಯಲ್ಲಿ ಎಲ್ಲೂ ಸಿಗದೆ ಕುರುಗೋಡಿನ ಒಂದು ಭಜನಾ ಮಂಡಳಿಯದನ್ನು ಕೇಳಿದೆ. ಬೇರೆ ಕಂಪನಿಯದು, ಆದರೂ ನಡೆದೀತು ಅಂದುಕೊಂಡೆ. ಅದರ ಜೊತೆಗೆ ಈರಣ್ಣ ಎಂಬ ಹಿರಿಯರು ಬಗಲಲ್ಲಿ ದಮ್ಮಡಿ ಎಂಬ ಚರ್ಮವಾದ್ಯ ಇಟ್ಟುಕೊಂಡು ಕಾರು ಹತ್ತಿದರು.

"ನೀವ್ಯಾಕ್ರಿ ಯಜಮಾನ್ರೇ?" ಅಂದೆ.

"ಮಂಡಳಿ ಸಾಮಾನು ಒಂದ ಹೋಗಂಗಿಲ್ರಿ. ಜೋಡಿ ಒಬ್ರು ಹೋಗಬೇಕು. ಅದು ನಮ್ಮ ಪದ್ಧತಿ."

ನನ್ನ ಮೇಲೆ ನಂಬಿಕೆ ಇಲ್ಲವಲ್ಲ ಎಂದು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ.

ಮೊದಲ ಹಾಡಿಗೇ ಗ್ರಹಚಾರ ಕೆಟ್ಟಿತು. ಡೋಲಕ್ಕು ಬರಬೇಕಾದಲ್ಲಿ ಪಿಯಾನೊ ಟಿಣಿಟಿಣಿ ಅಂತು. ನಾವು ಹಾಕುವ ಮಿಡಿ ಫೈಲಿನಲ್ಲಿ ಸದ್ದು ಇರುವುದಿಲ್ಲ. ಯಾವ ವಾದ್ಯ ಯಾವಾಗ ನುಡಿಯಬೇಕೆಂಬ ಸೂಚನೆ ಮಾತ್ರ. ಮಾಮೂಲಿ ವಾದ್ಯಗಳಿಗೆ ಇಂತಿಂಥ ನಂಬರು ಎಂದು ಎಲ್ಲ ಕಂಪನಿಗಳೂ ಒಪ್ಪಿವೆ. ಅದರಾಚೆ ಅವರವರದೇ ಪದ್ಧತಿ. ನನ್ನ ಡೋಲಕ್ಕಿನ ಸೂಚನೆ ಈ ಕೀಬೋರ್ಡಿಗೆ ತಿಳಿಯದೆ, ಅದು ತನ್ನ ಪಿಯಾನೊ ನುಡಿಸಿಬಿಟ್ಟಿತ್ತು. ಮುಂದಿನ ಸಾಲಿನವರು ನಗತೊಡಗಿದರು.

"ಆ ಟಿಣಿಟಿಣಿ ಬಂದ್ ಮಾಡ್ರಿ, ಉಳಿದದ್ದು ನಡೀಲಿ," ಎಂದು ಈರಣ್ಣ ದಮ್ಮಡಿ ಎತ್ತಿಕೊಂಡರು. ಹಾಡಿನ ಮೊದಲ ಸಾಲನ್ನು ಸುಮ್ಮನೆ ಕೇಳಿದರು, ಎರಡನೆಯದಕ್ಕೆ ಬಾರಿಸತೊಡಗಿದರು. ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಕೊನೆಯ ಹಾಡಿನವರೆಗೂ ನನ್ನ ಮಾನ ಕಾದದ್ದು ಮಂಡಳಿಯ ಆ ಪದ್ಧತಿಯೇ.

ಎಲ್ಲ ಮುಗಿದ ಮೇಲೆ, ಅಡುಗೆ ಕಡೆ ಓಡಾಡುತ್ತಿದ್ದ ವಧುವಿನ ಸೋದರಮಾವ ಬಂದು ಕೀಬೋರ್ಡು ಸವರಿದರು.

"ತಾಳದ ಸೌಂಡು ಭಾರಿ ಇತ್ರಿ. ಯಾವ ಕಂಪನಿದು?"

"ಕುರುಗೋಡಿಂದ್ರಿ," ಅಂದೆ. "ಈಗ ನಿಮ್ಮ ಪಂಕ್ತಿನಾಗ ಕುಂತು ಊಟ ಮಾಡಾಕತ್ತೈತಿ."