ಅಪ್ಪನ ಒಪ್ಪತ್ತು

ಅಕ್ಷರ ಕಲಿಸಿದ ಗುರುವಿಗೆ, ಅನ್ನ ಕೊಟ್ಟ ಮಲಪ್ರಭೆಗೆ, ತೊಂಬತ್ತರ ಸಮೀಪದವರೆಗೂ ನನ್ನ ತಂದೆಯನ್ನು ನಮ್ಮೊಡನೆ ಇರಗೊಟ್ಟ ಶಿವನಿಗೆ ಮೊದಲು ಕೈಮುಗಿಯುತ್ತೇನೆ.

ಕಳೆದ ಶ್ರಾವಣದ ಆರಂಭದಲ್ಲಿ ಅಪ್ಪ ಸಂಜೆಯ ತಾಟನ್ನು ಬದಿಗೆ ಸರಿಸಿ, ಒಂದು ಹೊತ್ತಿನ ಊಟ ಸಾಕೆಂದರು. ಅದಕ್ಕೆ ಒಪ್ಪತ್ತು ಎಂದು ಹೆಸರಿಟ್ಟವನು ನಾನು. ಸಂಸ್ಕೃತ ಕಲಿಸಿ ನಿವೃತ್ತನಾದ ನನಗೆ ವ್ರತಗಳೆಂದರೆ ಹೆಮ್ಮೆ. ಶ್ರಾವಣ ಮುಗಿಯಿತು. ದಸರೆಯೂ ಕಳೆಯಿತು. ಒಪ್ಪತ್ತು ಮುಗಿಯಲಿಲ್ಲ. ಮನೋಳಿಯ ನಮ್ಮ ಮನೆಗೆ ಬಂದವರೆದುರು ತಂದೆಯ ನಿಷ್ಠೆಯನ್ನು ಹೊಗಳುತ್ತಲೇ ಇದ್ದೆ. ಅವರ ಧೋತರದ ನಿರಿಗೆಗಳು ಹೆಚ್ಚುತ್ತಿರುವುದನ್ನು ಕಂಡು, ತಪಸ್ಸು ದೇಹವನ್ನು ಕರಗಿಸುತ್ತದೆ ಎಂದೆ.

ಕರಗಿಸುತ್ತಿದ್ದುದು ತಪಸ್ಸಲ್ಲ.

ಅಪ್ಪ ಐವತ್ತು ವರ್ಷ ಮಠದ ದಾಸೋಹದಲ್ಲಿ ಬಡಿಸಿದವರು. ಪಂಕ್ತಿಯ ಕೊನೆಯವನು ಎದ್ದ ಮೇಲೆಯೇ ತಾವು ಕೂಡುವರು. ಮನೆಯಲ್ಲೂ ಅದೇ ರೂಢಿ. ಹೀಗಾಗಿ ಅವರು ಉಣ್ಣುವುದನ್ನು ನಾವು ಯಾರೂ ನೋಡುತ್ತಿರಲಿಲ್ಲ. ದೀಪಾವಳಿಗೆ ರಾಮದುರ್ಗದಿಂದ ಬಂದ ನನ್ನ ಮಗಳು ಗಿರಿಜಾ ನೋಡಿದಳು. ಮಜ್ಜಿಗೆಯಲ್ಲಿ ಕಿವುಚಿದ ರೊಟ್ಟಿಯ ಒಂದು ತುತ್ತು ನುಂಗುವಷ್ಟರಲ್ಲಿ ಅಜ್ಜನ ಕಣ್ಣುಗಳು ತುಂಬುತ್ತಿದ್ದವು. ಉಳಿದುದು ಆಕಳ ಗೋದಲಿಗೆ.

“ಮುತ್ಯಾ, ಉಣ್ಣಾಕ ಹತ್ತಿದ್ದು ನೀನೋ, ಆಕಳೋ?”

“ಅದು ಗಬ್ಬ ಐತವ್ವಾ. ನನಗೇನ ಈಯೂದೈತಿ?”

ಅವಳು ನಗಲಿಲ್ಲ, ನೇರ ಬಂದು ನನಗೆ ಹೇಳಿದಳು. ಮರುದಿನವೇ ಬೈಲಹೊಂಗಲಕ್ಕೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಎಂಡೋಸ್ಕೋಪಿಗೆಂದು ಬೆಳಗಾವಿಗೆ ಕಳಿಸಿದರು. ಬಯಾಪ್ಸಿ ಆಯಿತು. ಸ್ಕ್ಯಾನ್ ಆಯಿತು.

ಅನ್ನನಾಳದ ಕ್ಯಾನ್ಸರ್. ಲಿವರ್‌ಗೂ ಹರಡಿತ್ತು.

ನುಂಗಲು ಎಂದಿನಿಂದ ತೊಂದರೆ ಎಂದು ಡಾಕ್ಟರು ಕೇಳಿದರು. ಶ್ರಾವಣಕ್ಕಿಂತ ಮೊದಲಿನಿಂದ ಎಂದರು ಅಪ್ಪ. ಹೊರಗಿನ ಬೆಂಚಿನ ಮೇಲೆ ಕುಳಿತಾಗ ನಾನು ಕೇಳಿದೆ: “ಯಾಕ ಹೇಳಲಿಲ್ರಿ, ಅಪ್ಪಾ?”

“ನೀ ವ್ರತ ಅಂದಿ, ತಮ್ಮಾ. ಮಂದಿ ಮುಂದೆಲ್ಲಾ ಹೇಳಿದಿ. ಹೆಂಗ ಅಲ್ಲಾ ಅನ್ಲಿ?”

ಉಪವಾಸವೆಂದರೆ ಸಮೀಪದಲ್ಲಿ ವಾಸಿಸುವುದು ಎಂದು ಎಷ್ಟೋ ವರ್ಷ ತರಗತಿಯಲ್ಲಿ ಪದ ಬಿಡಿಸಿ ಹೇಳಿದವನು ನಾನು. ತಂದೆಯ ಸಮೀಪದಲ್ಲೇ ವಾಸಿಸಿದೆ. ಅವರ ಹಸಿವು ನನಗೆ ಕಾಣಲಿಲ್ಲ.

ಶ್ರಾವಣದಲ್ಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. “ಹೇಳಾಕ ಬರೂದಿಲ್ರಿ, ಸರ್,” ಎಂದರು. ಆ ಮಾತು ಈಗಲೂ ಅಲ್ಲೇ ನಿಂತಿದೆ.

ಆಪರೇಷನ್ ಸಾಧ್ಯವಿರಲಿಲ್ಲ. ಜಠರಕ್ಕೆ ಫೀಡಿಂಗ್ ಟ್ಯೂಬ್ ಹಾಕಿ ಮನೆಗೆ ಕಳಿಸಿದರು. ಗಿರಿಜಾ ರಜೆ ಹಾಕಿ ನಿಂತಳು. ಗಂಜಿ ಸೋಸಿ ಸಿರಿಂಜಿನಲ್ಲಿ ತುಂಬುತ್ತಿದ್ದಳು. ಅಪ್ಪ ಕೈಯಡ್ಡ ಹಿಡಿಯುತ್ತಿದ್ದರು. ಮೊದಲು ನಾವು ಉಣ್ಣಬೇಕು. ಎಲ್ಲರದೂ ಆಯಿತೆಂದು ಅವಳು ಹೇಳಿದ ಮೇಲೆಯೇ ಕೈ ಕೆಳಗಿಳಿಯುತ್ತಿತ್ತು. ಅವರ ಕಣ್ಣೆದುರು ಉಣ್ಣುವುದು ನಮಗೆ ಶಿಕ್ಷೆಯಾಯಿತು. ಆದರೂ ಉಂಡೆವು.

ಮಾಘದ ಒಂದು ಬೆಳಗ್ಗೆ ಲಿಂಗಪೂಜೆ ಮುಗಿಸಿದರು. ನಮ್ಮ ಊಟ ಇನ್ನೂ ಮುಗಿದಿರಲಿಲ್ಲ.

ತಮ್ಮ ಸರದಿಗೆ ಕಾಯುತ್ತಲೇ ಲಿಂಗೈಕ್ಯರಾದರು.

ಸುಳ್ಳು ಸಮಾಧಾನ ಹೇಳದ ಡಾಕ್ಟರಿಗೆ, ಟ್ಯೂಬ್ ತೊಳೆಯಲು ತಾಳ್ಮೆಯಿಂದ ಕಲಿಸಿದ ಸಿಸ್ಟರಿಗೆ, ತಗ್ಗು ಬಂದಲ್ಲೆಲ್ಲ ಗಾಡಿ ನಿಧಾನಿಸಿದ ಚಾಲಕನಿಗೆ, ಹೆಗಲು ಕೊಟ್ಟ ಊರವರಿಗೆ, ನನ್ನ ಗಿರಿಜೆಗೆ ಶಿವನು ಆಯುಷ್ಯ ಕೊಡಲಿ. ಅವರೆಲ್ಲರಿಗೂ ಉಂಡ ಅನ್ನ ಮೈಗೆ ಹತ್ತಲಿ. ಅವರ ಮನೆಗಳಲ್ಲಿ ನೋವುಂಡವರು ನೋವೆಂದು ಹೇಳಲಿ. ಕೇಳುವವರು ಅದನ್ನು ನೋವೆಂದೇ ಕೇಳಲಿ.