ರೊಟ್ಟಿ ಒಲೆಯ ಹಿಂದಿನ ಮಗು

ನನ್ನ ಓರಗಿತ್ತಿ ನಬವಿಯಾ ಅತ್ತರೆ ನಮ್ಮೂರು ಗುರ್ನಾದ ಕಲ್ಲುಗುಡ್ಡವೂ ಕರಗಬೇಕು. ಸಾವಿನ ಮನೆಯಲ್ಲಿ ಹಾಡಿ ಅಳುವುದೇ ಅವಳ ಕಸುಬು. ಮುಖಕ್ಕೆ ನೈಲ್ ನದಿಯ ಕೆಸರು ಬಳಿದುಕೊಂಡು, ನೀಲಿ ಬಟ್ಟೆ ಬೀಸುತ್ತಾ, ಸತ್ತವರ ಹೆಸರು ಹಿಡಿದು ಕೂಗುತ್ತಿದ್ದಳು. ಊರಿಗೆಲ್ಲ ಅತ್ತವಳು ಸ್ವಂತ ಮಗ ರಜಬ್‌ಗೆ ಮಾತ್ರ ಅಳಲಿಲ್ಲ. ಇನ್ನೂ ಹಾಲುಹಲ್ಲು ಬೀಳದ ಹುಡುಗನನ್ನು ನೆರೆ ಎಳೆದೊಯ್ದಿತ್ತು, ಹೆಣ ಸಿಗಲಿಲ್ಲ. "ಕಣ್ಣಲ್ಲಿ ನೋಡ್ದೆ ಹೆಂಗೇ ಅಳ್ಲಿ?" ಎನ್ನುತ್ತಿದ್ದಳು.

ನಮ್ಮ ಮನೆಗಳೆಲ್ಲ ಸಾವಿರಾರು ವರ್ಷದ ಹಳೇ ಗೋರಿಗಳ ಬಾಯಲ್ಲೇ ಇವೆ. ಬಟ್ಟೆ ಸುತ್ತಿ ಕೆಡದಂತೆ ಇಟ್ಟ ಹಳೇ ಹೆಣ ಸಿಕ್ಕರೆ ಗಂಡಸರು ಆ ಬಟ್ಟೆ ಹರಿದು ತಾಯಿತ ಕಿತ್ತುಕೊಂಡು, ಉಳಿದದ್ದನ್ನು ಮೂಲೆಗೆ ಎಸೆಯುತ್ತಿದ್ದರು. ಚಳಿಗಾಲದಲ್ಲಿ ಒಲೆಗೆ ತುರುಕಿದವರೂ ಉಂಟು. ಯಾರೂ ತಲೆ ಕೆಡಿಸಿಕೊಂಡವರಲ್ಲ, ನಾನೂ ಅಷ್ಟೇ.

ಒಂದು ದಿನ ರೊಟ್ಟಿ ಒಲೆ ರಿಪೇರಿಗೆಂದು ನನ್ನ ಗಂಡ ಹಸ್ಸಾನೈನ್ ಹಿಂದಿನ ಗೋಡೆ ಒಡೆದ. ಒಳಗೆ ಬಟ್ಟೆ ಸುತ್ತಿದ ಪುಟ್ಟ ಹೆಣ. ಒಂದು ಕಾಲಿನ ಸುತ್ತು ಸಡಿಲವಾಗಿ ಎಳೆಯ ಬೆರಳುಗಳು ಕಾಣುತ್ತಿದ್ದವು. ಈ ಮಹಾರಾಯನ ಮುಖ ಅರಳಿತು.

"ನಾಳೆ ಲಕ್ಸರ್ ದಲ್ಲಾಳಿ ಬರ್ತಾನೆ, ಕೊಟ್ಬಿಡೋಣ. ಬಿಳೀ ದೊರೆಗಳು ಊಟ ಆದ್ಮೇಲೆ ಇಂಥ ಹೆಣಾನ ಮೇಜಿನ ಮೇಲೆ ಮಲಗಿಸಿ ಬಟ್ಟೆ ಬಿಚ್ತಾರಂತೆ. ಸುತ್ತ ನಿಂತು ಚಪ್ಪಾಳೆ ತಟ್ತಾರಂತೆ!"

"ಮಗು ಕಣಪ್ಪಾ ಅದು," ಎಂದಳು ನಬವಿಯಾ. "ಮಣ್ಣು ಮಾಡೋಣ."

"ಸುಮ್ನಿರಿ ಅತ್ತಿಗೆ. ಯಾವ ಕಾಲದ್ದೋ ಏನೋ. ಅದಕ್ಕೆ ಅಳೋರಾದ್ರೂ ಯಾರಿದಾರೆ?"

ಆ ಮಾತು ಅವಳಿಗೆ ನಾಟಿತು. ಮಾರನೆಯ ಬೆಳಗ್ಗೆ ನಾನು ಹಿಟ್ಟು ನಾದುತ್ತಿದ್ದಾಗ ಅಂಗಳದಲ್ಲಿ ಕೂಗು ಎದ್ದಿತು. ಮುಖಕ್ಕೆ ಕೆಸರು ಬಳಿದುಕೊಂಡ ನಬವಿಯಾ ಆ ಮಗುವನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಎದೆ ಬಡಿದುಕೊಳ್ಳುತ್ತಿದ್ದಳು.

ನಮ್ಮೂರಲ್ಲಿ ಸಾವಿನ ಕೂಗು ಕೇಳಿದರೆ ಸತ್ತವರಾರೆಂದು ಆಮೇಲೆ ವಿಚಾರಿಸುತ್ತಾರೆ. ಮೊದಲು ಹೆಂಗಸರು ಬಂದು ಅಳಬೇಕು, ಗಂಡಸರು ಬಂದು ಹೆಗಲು ಕೊಡಬೇಕು. ಬಂದರು ನೋಡಿ! ವಿಷಯ ತಿಳಿಯುವಷ್ಟರಲ್ಲಿ ಎಲ್ಲರ ಮುಖಕ್ಕೂ ಕೆಸರು, ಅಂಗಳದಲ್ಲಿ ಚಟ್ಟ ಸಿದ್ಧ.

"ಅಯ್ಯೋ, ನಿಲ್ಸ್ರೇ! ಅದು ಹಳೇ ಹೆಣ!" ನನ್ನ ಗಂಡ ಬಾಯಿ ಬಡಿದುಕೊಂಡ.

ಪಕ್ಕದ ಮನೆ ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅತ್ತಾಯ್ತು, ಇನ್ನು ಮಾರೋ ಹಂಗಿಲ್ಲ. ಹೆಗಲು ಕೊಡ್ತೀಯೋ, ಇಲ್ಲಾ ನಾಳೆ ನಿನ್ ಹೆಣಾನ ನೀನೇ ಹೊತ್ಕೊಂಡು ಹೋಗ್ತೀಯೋ?"

ಹೆಗಲು ಕೊಡದೆ ಗತಿಯಿರಲಿಲ್ಲ. ಕತ್ತೆಯೇರಿ ಬಂದ ದಲ್ಲಾಳಿ ಚಟ್ಟ ಕಂಡು ದಾರಿ ಬಿಟ್ಟು ನಿಂತ.

ಗುಂಡಿಯ ಬಳಿ ಪ್ರಾರ್ಥನೆ ಓದಬೇಕಾದ ಶೇಖ್ ಸಾಹೇಬರು ತಡವರಿಸಿದರು. ನಮ್ಮಲ್ಲಿ ಸತ್ತವರ ಹೆಸರನ್ನೂ ತಾಯಿಯ ಹೆಸರನ್ನೂ ಹೇಳಿ ಕಳಿಸಿಕೊಡಬೇಕು.

"ಯಾರ ಹೆಸರು ಹೇಳ್ಲಮ್ಮಾ?"

ನಬವಿಯಾ ಕೆಸರಿನ ಮುಖ ಎತ್ತಿದಳು.

"ರಜಬ್ ಅನ್ನಿ, ಶೇಖ್ ಸಾಹೇಬ್ರೇ. ನಬವಿಯಾ ಮಗ ರಜಬ್."

ಆಮೇಲೆ ಅವಳು ಅತ್ತಳು. ಅದರಲ್ಲಿ ಹಾಡಿರಲಿಲ್ಲ, ಬರೀ ಅಳು. ಗಂಡನನ್ನು ಬೈಯಲೆಂದು ತಿರುಗಿದೆ. ರಜಬ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದ ಚಿಕ್ಕಪ್ಪ ಅವನೇ. ಮಂಡಿಯೂರಿ, ಎರಡೂ ಕೈಯಲ್ಲಿ ಗುಂಡಿಗೆ ಮಣ್ಣು ಎಳೆಯುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದ.