ಮಾಸ್ಟ್ರು ಒಪ್ಪಿದ ಒಂದೇ ಹುಲಿ

ಮೊಸರುಕುಡಿಕೆಯ ಮರುದಿನ ಮೂಡಬಿದಿರೆಯಿಂದ ಬೆಳುವಾಯಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದ. ಅವನ ಮೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು, ಅದನ್ನು ಮುಚ್ಚಲು ಉಜ್ಜಿಕೊಂಡ ಸೋಪಿನ ವಾಸನೆಯೂ. ಕಿವಿಯ ಹಿಂದೆ, ತೊಳೆಯುವಾಗ ಕೈ ಹೋಗದ ಜಾಗದಲ್ಲಿ, ಒಂದಿಷ್ಟು ಹಳದಿ ಬಣ್ಣ ಉಳಿದಿತ್ತು. ಅದರ ಮೇಲೊಂದು ಕಪ್ಪು ಪಟ್ಟೆಯ ತುದಿ. ಹಿಂದಿನ ದಿನ ಹುಲಿವೇಷ ಹಾಕಿ ಕುಣಿದವನು, ಪಾಪ. ನಾನು ಕನ್ನಡಕ ಸರಿಮಾಡಿಕೊಂಡು, ಐ ಮಸ್ಟ್ ಸೇ, ಯಾವ ಮ್ಯಾನರ್ಸೂ ಇಲ್ಲದೆ ಅವನ ಕಿವಿಯನ್ನೇ ನೋಡುತ್ತಾ ಕುಳಿತೆ. ಪಟ್ಟೆಯ ಅಂಚು ಸ್ಕೇಲು ಇಟ್ಟು ಎಳೆದಷ್ಟು ನೇರ. ಸ್ಟೆನ್ಸಿಲ್ ಇಟ್ಟು ಸ್ಪ್ರೇ ಹೊಡೆದದ್ದು.

"ಇದಲ್ಲ" ಎಂದು ಬಾಯಿಗೆ ಬಂದುಬಿಟ್ಟಿತು. ಅದು ನನ್ನ ಮಾತಲ್ಲ. ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮಾಸ್ಟ್ರದ್ದು.

ಮಾಸ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ನಾನು ಬಂಟ್ವಾಳದ ಕಾನ್ವೆಂಟಿನಲ್ಲಿ ಓದಿ, ಆಮೇಲೆ ಮ್ಯಾತ್ಸ್ ಕಲಿಸಿ ರಿಟೈರ್ ಆದವಳು. ಕೃಷ್ಣಾಷ್ಟಮಿ ಬಂತೆಂದರೆ ಮಾಸ್ಟ್ರ ಅಂಗಳದಲ್ಲಿ ಹುಲಿಗಳ ಕ್ಯೂ. ಎರಡು ಕೋಲುಗಳ ಮೇಲೆ ಕೈ ಆನಿಸಿ, ಅಲ್ಲಾಡದೆ ನಿಂತವರ ಮೈಗೆ ಮಾಸ್ಟ್ರು ಬೆಳಗಿನಿಂದ ಬಣ್ಣ ಬರೆಯುತ್ತಿದ್ದರು. ಹಳದಿ ಯಾರು ಬೇಕಾದರೂ ಬಳಿಯಬಹುದು, ಪಟ್ಟೆ ಮಾತ್ರ ಅವರೇ. ಮುಖದ ಪಟ್ಟೆಗಂತೂ ಯಾರೂ ಹತ್ತಿರ ಬರುವಂತಿಲ್ಲ.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ನಿಲ್ಲಲಿಲ್ಲ. ಹುಲಿವೇಷದ ತಂಡದವರು ಒಳ್ಳೆಯವರು, ಅಷ್ಟಮಿಗೆ ಮೊದಲೇ ಬಂದು, "ಮಾಸ್ಟ್ರೇ, ಒಂದು ಮುಖ ಕಾಗದದಲ್ಲಿ ಬರೆದು ಕೊಡಿ ಸಾಕು, ನೋಡಿಕೊಂಡು ನಾವು ಹಾಕ್ತೇವೆ. ಇಲ್ಲದಿದ್ದರೆ ಮೊಬೈಲಲ್ಲಿ ಇದ್ದದ್ದು ಯಾವುದಾದರೂ ಹಾಕಬೇಕಷ್ಟೆ" ಎಂದು ಹೇಳಿ ಹೋದರು. ಮಾಸ್ಟ್ರು ಆ ವಾರವೆಲ್ಲ ಕಾಗದ ಹರಿಯುತ್ತಿದ್ದರು. ಕಂಪೌಂಡಿನ ಈಚೆಗೂ ಕೇಳುತ್ತಿತ್ತು...

ನನಗೆ ಅದೇ ವರ್ಷ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಉಜಿರೆಯಲ್ಲಿ ಓದುತ್ತಿದ್ದ ತಂಗಿಯ ಮಗಳು ನನ್ನ ಲ್ಯಾಪ್‌ಟಾಪಿಗೆ ಚಿತ್ರ ಬರೆಯುವ ಒಂದು ಗ್ರಾಫಿಕ್ಸ್ ಎಂಜಿನ್ ಹಾಕಿಕೊಟ್ಟು, "ಸಿಂಪಲ್ ದೊಡ್ಡಮ್ಮ, ನಿಮಗೆ ಮ್ಯಾತ್ಸ್ ಬರ್ತದಲ್ಲ" ಎಂದು ಹಾಸ್ಟೆಲಿಗೆ ಹೋಗಿಬಿಟ್ಟಿದ್ದಳು. ಸಿಂಪಲ್ಲಂತೆ. ನಾನು ಒಂದು ಗೆರೆ ಎಳೆಯಲು ಎರಡು ದಿನ ಒದ್ದಾಡಿದ್ದೆ. ಆದರೆ ಆ ಗೆರೆ ನಡುಗಲಿಲ್ಲ. ಅದನ್ನು ಕಂಪೌಂಡಿನ ಮೇಲಿಂದ ಮಾಸ್ಟ್ರಿಗೆ ಹೇಳಿದ್ದೇ ನಾನು ಮಾಡಿಕೊಂಡ ಕರ್ಮ. ಮರುದಿನ ಬೆಳಿಗ್ಗೆ ಅವರು ನಮ್ಮ ಜಗಲಿಯಲ್ಲಿ.

ನಾನೇ ಬರೆದು ಕೊಡುತ್ತೇನೆ, ನೀವು ಹೇಳುತ್ತಾ ಹೋಗಿ ಎಂದೆ. "ನೀವು ಬರೆದರೆ ಅದು ಟೀಚರ ಹುಲಿ ಆಗ್ತದೆ" ಎಂದರು. ಮೌಸ್ ಹಿಡಿಯಲು ಅವರ ಕೈಗೆ ಸಾಧ್ಯವಿಲ್ಲ. ಟೈಪ್ ಮಾಡಬಹುದು, ಆದರೆ ಒಂದು ಕೀ ಒತ್ತಿದರೆ ಮೂರು ಸಲ ಬೀಳುತ್ತಿತ್ತು. ಆ ಎಂಜಿನ್ನಿಗೋ, ಒಂದು ಗೆರೆ ಎಳೆಯಬೇಕಾದರೆ ಎಲ್ಲಿಂದ, ಎಲ್ಲಿಗೆ, ಎಷ್ಟು ದಪ್ಪ, ಬಣ್ಣದಲ್ಲಿ ಕೆಂಪೆಷ್ಟು ಹಸಿರೆಷ್ಟು ನೀಲಿಯೆಷ್ಟು, ಎಲ್ಲವನ್ನೂ ಅಂಕೆಯಲ್ಲಿ ಹೇಳಬೇಕು. ಅಷ್ಟು ಟೈಪ್ ಮಾಡುವಷ್ಟರಲ್ಲಿ ಮಾಸ್ಟ್ರು ಬೆವರಿ ಹೋಗುತ್ತಿದ್ದರು. ಅದಕ್ಕೆ ನಾನು ರ್‍ಯಾಪರ್ ಫಂಕ್ಷನ್ ಬರೆಯಲು ಕೂತೆ. ಅಂದರೆ ಎಂಜಿನ್ನಿನ ಆ ಉದ್ದದ ಆಜ್ಞೆಯನ್ನು ಒಳಗೆ ಮುಚ್ಚಿಟ್ಟು, ಹೊರಗಿನಿಂದ ಒಂದು ಗಿಡ್ಡ ಹೆಸರು ಕೊಡುವುದು. ಮಾಸ್ಟ್ರು "ಪಟ್ಟೆ" ಎಂದು ಬರೆದು ಮೂರು ಅಂಕೆ ಕೊಟ್ಟರೆ ಸಾಕು, ಉಳಿದದ್ದನ್ನು ನನ್ನ ಫಂಕ್ಷನ್ನೇ ತುಂಬಿ ಎಂಜಿನ್ನಿಗೆ ದಾಟಿಸುತ್ತದೆ.

ಕೇಳಲು ಸುಲಭ. ಮಾಸ್ಟ್ರು ದಿನಕ್ಕೊಂದು ತಕರಾರು ತೆಗೆಯದೆ ಇದ್ದಿದ್ದರೆ ಮಾಡಲೂ ಸುಲಭವೇ ಇತ್ತೇನೋ. ಹಳದಿ ಸರಿ ಇಲ್ಲ. ಕಪ್ಪು ಕಪ್ಪಲ್ಲ. ಪಟ್ಟೆಯ ತುದಿ ಇಲಿಯ ಬಾಲದ ಹಾಗೆ ಇರಬೇಕು, ಇದು ಕೋಲಿನ ಹಾಗೆ ಉಂಟು. ಒಂದೊಂದಕ್ಕೂ ನಾನು ಮತ್ತೊಂದು ಫಂಕ್ಷನ್ ಬರೆಯಬೇಕು. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪೇಷನ್ಸ್ ಎಲ್ಲ ಆ ಆಷಾಢದಲ್ಲೇ ಖರ್ಚಾಗಿ ಹೋಯಿತು.

ಅದರ ಮೇಲೆ ಮೇಲು-ಕೆಳಗಿನ ರಗಳೆ. ಎಂಜಿನ್ನು ಮೇಲಿನಿಂದ ಕೆಳಗೆ ಎಣಿಸುತ್ತದೆ. ಮಾಸ್ಟ್ರು ಗ್ರಾಫ್ ಕಾಗದದ ಹಾಗೆ ಕೆಳಗಿನಿಂದ ಮೇಲೆ. "ಯಾರಾದರೂ ಆಕಾಶದಿಂದ ಅಳತೆ ತೆಗೀತಾರಾ ಟೀಚರೇ?" ಸರಿ ಎಂದು ಗೆರೆಯ ಫಂಕ್ಷನ್ನಿನಲ್ಲಿ ಅದನ್ನು ತಿರುಗಿಸಿದೆ. ಪಟ್ಟೆಯ ಫಂಕ್ಷನ್ನಿನಲ್ಲೂ ತಿರುಗಿಸಿದೆ. ಪಟ್ಟೆಯ ಫಂಕ್ಷನ್ ಒಳಗಿನಿಂದ ಗೆರೆಯ ಫಂಕ್ಷನ್ನನ್ನೇ ಬಳಸುತ್ತದೆ ಎಂಬುದು ತಲೆಗೆ ಹೋಗಲಿಲ್ಲ. ಎರಡು ಸಲ ತಿರುಗಿದ್ದು ಮೊದಲಿನಂತೆಯೇ ನಿಂತಿತು. ಬೆಳಗೆಲ್ಲ ಒಂದೊಂದೇ ಕೀ ಒತ್ತಿ ಮಾಸ್ಟ್ರು ಬರೆದ ಮುಖ ಸ್ಕ್ರೀನಿನಲ್ಲಿ ಬಂದಾಗ ಗದ್ದ ಮೇಲೆ, ಹಣೆ ಕೆಳಗೆ.

ಮಾಸ್ಟ್ರು ಕುತ್ತಿಗೆ ಓರೆ ಮಾಡಿ ನೋಡಿದರು. "ಹುಲಿ ಶೀರ್ಷಾಸನ ಮಾಡ್ತಾ ಉಂಟು" ಎಂದರು. "ಯೋಗ ಕ್ಲಾಸಿಗೆ ಸೇರಿಸಿದ್ದೀರಾ ಎಂತ?"

ನನಗೆ ನಗು ಬರಲಿಲ್ಲ. ಈಗ ಬರುತ್ತದೆ.

ಅಷ್ಟಮಿ ಹತ್ತಿರ ಬಂದಾಗ ಎಲ್ಲ ಸರಿಯಾಯಿತು. ಹುಲಿ ನೆಟ್ಟಗೆ ನಿಂತಿತು. ಒಂದೇ ಒಂದು ಗೆರೆಯಲ್ಲಿ ನಡುಕ ಇಲ್ಲ. ಹೊಗಳುತ್ತಾರೆ ಎಂದು ನಾನು ಚಹಾಕ್ಕೆ ನೀರಿಟ್ಟು ಬಂದೆ.

"ಇದಲ್ಲ ಮಾರಾಯ್ರೆ" ಎಂದರು. "ಇದು ಸತ್ತ ಹುಲಿ. ರಸ್ತೆಗೆ ಹಾಕುವ ಪಟ್ಟೆ. ಸ್ವಲ್ಪ ಅಲ್ಲಾಡಬೇಕು."

ಲ್ಯಾಪ್‌ಟಾಪನ್ನು ಬಾವಿಗೆ ಹಾಕುವ ಎನಿಸಿತು, ಆನೆಸ್ಟ್ಲಿ. "ನಡುಗಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು?" ಎಂದು ಸ್ವರ ಏರಿಸಿಯೇ ಕೇಳಿದೆ.

"ಇದು ನನ್ನ ಈಗಿನ ನಡುಕ ಅಲ್ಲ ಟೀಚರೇ. ಆಗ ಎದುರಿಗೆ ನಿಂತವ ಉಸಿರು ಬಿಡ್ತಿದ್ದ. ಅವ ಬಿಟ್ಟಾಗ ಬ್ರಶ್ಶಿನಡಿಯಲ್ಲಿ ಗೆರೆ ಒಂಚೂರು ಹೋಗ್ತಿತ್ತು. ಅದು ಬೇಕು."

ಮತ್ತೊಂದು ಫಂಕ್ಷನ್ ಬರೆದೆ. ಪ್ರತಿ ಗೆರೆಯನ್ನೂ ಅಲ್ಲಲ್ಲಿ, ಲೆಕ್ಕಕ್ಕೆ ಸಿಗದ ಹಾಗೆ, ಚೂರು ಚೂರು ಸರಿಸುವ ಫಂಕ್ಷನ್. ಅದಕ್ಕೆ "ಉಸಿರು" ಎಂದೇ ಹೆಸರಿಟ್ಟೆ. ಮೊದಲ ಸಲ ವಿಪರೀತ ಅಲ್ಲಾಡಿತು. "ಇದು ಈಗಿನ ನಾನು" ಎಂದು ಮಾಸ್ಟ್ರು ನಕ್ಕರು. ಅವರೇ ಅಂಕೆ ಕಡಿಮೆ ಮಾಡಿದರು. ಇನ್ನೂ ಕಡಿಮೆ ಮಾಡಿದರು. ಆಮೇಲೆ ಒಂದು ಮುಖ ಬಂತು...

ಅದನ್ನು ಹೇಗೆ ಹೇಳುವುದು. ನಮ್ಮ ಜಗಲಿಯಲ್ಲಿ ಯಾರೋ ಬಂದು ನಿಂತ ಹಾಗಾಯಿತು.

"ಹಾಂ, ಇವನೇ" ಎಂದರು ಮಾಸ್ಟ್ರು. ಮೆಲ್ಲಗೆ ಎಂದರು. ತೋರಿಸಲು ಕೈ ಎತ್ತಿದರು. ನಡುಗುವ ಕೈ ಹೋಗಿ ಎಸ್ಕೇಪ್ ಕೀ ಮೇಲೆ ಬಿತ್ತು, ವಿಂಡೋ ಮುಚ್ಚಿಕೊಂಡಿತು.

ಪರವಾಗಿಲ್ಲ, ಪ್ರೋಗ್ರಾಮ್ ಇದೆಯಲ್ಲ ಎಂದು ಮತ್ತೆ ರನ್ ಮಾಡಿದೆ. ಬೇರೆ ಮುಖ ಬಂತು. ಮತ್ತೆ ಮಾಡಿದೆ, ಮತ್ತೊಂದು. ಒಂದೇ ಅಂಕೆಗಳು, ಒಂದೇ ಪಟ್ಟೆಗಳು, ಉಸಿರು ಮಾತ್ರ ಪ್ರತಿ ಸಲ ಹೊಸತು. ಮಾಸ್ಟ್ರು ಕತ್ತಲಾಗುವವರೆಗೆ ಕುಳಿತು "ಇದಲ್ಲ, ಇದಲ್ಲ" ಎನ್ನುತ್ತಲೇ ಇದ್ದರು. ಚಹಾ ಆರಿತು.

ನನಗಂತೂ ಎಲ್ಲವೂ ಹುಲಿಯೇ. "ಇದ್ದದ್ದರಲ್ಲಿ ಒಂದು ಕೊಡುವ ಮಾಸ್ಟ್ರೇ, ತಂಡದವರು ಕಾಯ್ತಾ ಇದ್ದಾರೆ" ಎಂದು ಬೇಡಿಕೊಂಡೆ. "ಅವನನ್ನು ನೋಡಿದ ಮೇಲೆ ಬೇರೆಯವನನ್ನು ಹೇಗೆ ಕೊಡುದು?" ಎಂದರು. ಎಂಥ ಹಟಮಾರಿ. ತಂಡದವರು ಮೊಬೈಲಿನಲ್ಲಿದ್ದ ಯಾವುದೋ ಚಿತ್ರ ಹಾಕಿಕೊಂಡು ಕುಣಿದರು. ಮಾಸ್ಟ್ರು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ನೋಡಿದರು. ಮುಂದಿನ ಅಷ್ಟಮಿಗೆ ಅವರಿರಲಿಲ್ಲ.

ಆಮೇಲೆ ತಂಗಿಯ ಮಗಳು ರಜೆಗೆ ಬಂದಾಗ ಕೇಳಿದೆ. "ಉಸಿರಿಗೆ ಶುರುವಿನ ಒಂದು ಅಂಕೆ ಗಟ್ಟಿ ಮಾಡಿಟ್ಟರೆ ಪ್ರತಿ ಸಲ ಅದೇ ಮುಖ ಬರ್ತದೆ ದೊಡ್ಡಮ್ಮ, ಒಂದೇ ಲೈನ್" ಎಂದಳು. ಒಂದೇ ಲೈನ್. ಆ ಸಾಲು ಬರೆಯಲು ನನಗೆ ಈಗ ಬರುತ್ತದೆ. ಬರೆದು ಯಾವ ಮುಖವನ್ನು ಗಟ್ಟಿ ಮಾಡಿಡಲಿ.

ಬಸ್ಸಿನಲ್ಲಿ ಮುಂದಿನ ಸೀಟಿನವನು ಬೆಳುವಾಯಿಗೆ ಮೊದಲೇ ಇಳಿದು ಹೋದ, ಕಿವಿಯ ಹಿಂದಿನ ಪಟ್ಟೆಯೊಂದಿಗೆ. ಮನೆಗೆ ಬಂದು, ಸೀರೆ ಕೂಡ ಬದಲಿಸದೆ, ಹಳೆ ಲ್ಯಾಪ್‌ಟಾಪ್ ತೆಗೆದೆ. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದಾರೆ. ರನ್ ಮಾಡಿದೆ. ಒಂದು ಹುಲಿ ಬಂತು. ಚಂದವೇ ಇತ್ತು, ಎಡಗೆನ್ನೆಯ ಹತ್ತಿರ ಉಸಿರು ಕೂಡ ಸರಿಯಾಗಿ ಬಿದ್ದಿತ್ತು. ನಾನು ಪಕ್ಕದ ಕುರ್ಚಿಯ ಕಡೆ ನೋಡಿದೆ, ಹೇಳುವವರು ಯಾರೂ ಇಲ್ಲವಾದ್ದರಿಂದ "ಇದಲ್ಲ" ಎಂದು ನಾನೇ ಹೇಳಿ, ಎಸ್ಕೇಪ್ ಒತ್ತಿದೆ.